ಡಾಟ್ ಟಾಪ್, ಡಾಟ್ ಎಕ್ಸ್‌ವೈಝಡ್ ವಿಳಾಸಗಳಿಂದ ಬರುವ ಸ್ಪ್ಯಾಮ್ ಇಮೇಲ್‌ಗಳನ್ನೆಲ್ಲ ಒಟ್ಟಿಗೇ ತಡೆಯಬಹುದೇ?
ತಡೆಯಬಹುದು, ಆದರೆ ಎಲ್ಲಿ ತಡೆಯುತ್ತೀರಿ ಎಂಬುದು ಮುಖ್ಯ. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಇದು ಸುಲಭ: ಸಂದೇಶ ಫಿಲ್ಟರ್‌ನಲ್ಲಿ ಕಳುಹಿಸಿದವರ ವಿಳಾಸ ಡಾಟ್ ಟಾಪ್ ಎಂದು ಕೊನೆಗೊಂಡರೆ ಜಂಕ್ ಫೋಲ್ಡರ್‌ಗೆ ಸರಿಸು ಎಂಬ ನಿಯಮ ಬರೆದರೆ ಸಾಕು.

ಜಿಮೇಲ್‌ನಲ್ಲಿ ತೊಡಕಿದೆ. ಅಲ್ಲಿನ ಫಿಲ್ಟರ್ ಬಳಸುವ ಹುಡುಕಾಟ ಚುಕ್ಕಿಯಂತಹ ಚಿಹ್ನೆಗಳನ್ನು ಗಣಿಸದೆ ಪದಗಳನ್ನು ಮಾತ್ರ ಹೊಂದಿಸುತ್ತದೆ. 'ಇಲ್ಲಿ ಕೊನೆಗೊಳ್ಳಬೇಕು' ಎಂದು ಹೇಳುವ ದಾರಿಯೇ ಇಲ್ಲ. ಹೀಗಾಗಿ ಕಳುಹಿಸಿದವರ ಹೆಸರಿನಲ್ಲೇ 'ಟಾಪ್' ಎಂಬ ಪದವಿದ್ದರೂ ಒಳ್ಳೆಯ ಪತ್ರ ಸಿಕ್ಕಿಬೀಳಬಹುದು. ಫಿಲ್ಟರ್ ಉಳಿಸುವ ಮೊದಲು ಅದೇ ಪದವನ್ನು ಹುಡುಕಿ, ಯಾವ ಪತ್ರಗಳು ಬರುತ್ತವೆ ಎಂದು ಖಂಡಿತ ನೋಡಿ. ಅಳಿಸುವ ಆಯ್ಕೆ ಬೇಡ. ಒಂದು ಲೇಬಲ್ ಹಚ್ಚಿ ಇನ್‌ಬಾಕ್ಸ್‌ನಿಂದ ಹೊರಗಿಡಿ.

ವಿಸ್ತರಣೆಯನ್ನಷ್ಟೇ, ಅಂದರೆ ವಿಳಾಸದ ಕೊನೆಯ ಭಾಗವನ್ನಷ್ಟೇ ನೋಡಿ ತೀರ್ಪು ಕೊಡುವುದು ಅನ್ಯಾಯವೂ ಆಗಬಹುದು. ಮೊದಲ ವರ್ಷ ಅಗ್ಗವಾಗಿ ಸಿಗುವ ಡೊಮೇನ್‌ಗಳನ್ನು (ಜಾಲದ ಹೆಸರುಗಳನ್ನು) ವಂಚಕರು ರಾಶಿಯಾಗಿ ಕೊಳ್ಳುವುದು ನಿಜ. ಆದರೆ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಜಾಲತಾಣ ಇರುವುದೂ ಡಾಟ್ ಎಕ್ಸ್‌ವೈಝಡ್‌ನಲ್ಲೇ. ಡಾಟ್ ಕಾಮ್‌ನಿಂದ ಬರುವ ಸ್ಪ್ಯಾಮ್ ಅನ್ನು ಈ ನಿಯಮ ಮುಟ್ಟುವುದೂ ಇಲ್ಲ.

ಇದರ ತದ್ವಿರುದ್ಧ ದಾರಿ ನನಗೆ ಹೆಚ್ಚು ಇಷ್ಟ: ನಂಬಬಹುದಾದ ವಿಸ್ತರಣೆಗಳನ್ನು ಗುರುತಿಸುವುದು. ಭಾರತದ ಬ್ಯಾಂಕ್‌ಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಡೊಮೇನ್‌ಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಬ್ಯಾಂಕಿನ ಹೆಸರು ಹೇಳಿಕೊಂಡು ಡಾಟ್ ಟಾಪ್‌ನಿಂದ ಬಂದ ಪತ್ರವನ್ನು ತೆರೆಯಲೇಬೇಡಿ. ಕಾಣಿಸುವ ವಿಳಾಸವನ್ನೂ ನಕಲು ಮಾಡಬಹುದಾದ್ದರಿಂದ, ಅನುಮಾನವಿದ್ದರೆ ಜಿಮೇಲ್‌ನ 'ಮೂಲ ತೋರಿಸು' ಆಯ್ಕೆಯಲ್ಲಿ ಕಳುಹಿಸಿದ ವಿಳಾಸ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಪರೀಕ್ಷೆಗಳು ಮೂರೂ 'ಪಾಸ್' ಆಗಿವೆಯೇ ಎಂದು ಪರಿಶೀಲಿಸಿ.