ಕಾರವಾರದ ಕಡೆ ಮೊಲಕ್ಕೆ ಉರುಳು ಇಡ್ತಾರಾ?

ಇಡುತ್ತಿದ್ದರು. ಈಗಲೂ ಕದ್ದು ಇಡುವವರು ಇದ್ದಾರೆ, ಸುಳ್ಳು ಯಾಕೆ ಹೇಳಲಿ? ಆದರೆ ನೀವು ಅಂದುಕೊಂಡ ಹಾಗೆ ಊರಿಗೂರೇ ಮೊಲದ ಸಾರು ಉಣ್ಣುವುದಿಲ್ಲ.

ನಮ್ಮ ಮನೆ ಇರುವುದು ಕಾಳಿ ಹೊಳೆಯ ಬದಿ. ಹಿಂದೆ ಕಾಡು, ಮುಂದೆ ಗದ್ದೆ, ಮಾಜಾಳಿ ದಾಟಿದರೆ ಗೋವಾ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹಾಗಾಗಿ ಪ್ರಾಣಿಗಳಿಗೂ ಎರಡೆರಡು ಹೆಸರು. ಮೊಲ ಅಂದರೆ ಸೊಸೊ, ಏಡಿ ಅಂದರೆ ಕುರ್ಲಿ. ಗಡಿ ದಾಟಿದರೆ ಬೇಟೆ ಕಾನೂನೂ ಬದಲಾಗುತ್ತದೆ ಎಂದು ನಂಬಿದವರನ್ನು ನೋಡಿದ್ದೇನೆ. ಬದಲಾಗುವುದು ಹೆಂಡದ ಬಾಟಲಿ ರೇಟು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ಕಡೆ ಒಂದೇ. ಮೊಲ, ಕಾಡುಹಂದಿ ಎರಡೂ ಅದರ ಪಟ್ಟಿಯಲ್ಲಿವೆ. ಏನೂ ಬೀಳದಿದ್ದರೂ ಉರುಳು ಇಟ್ಟದ್ದೇ ಬೇಟೆ, ಸ್ವಂತ ತೋಟದಲ್ಲಿ ಇಟ್ಟರೂ ಅಷ್ಟೇ.

ಕಾನೂನು ಬಿಡಿ, ನನಗೆ ಉರುಳಿನ ಮೇಲೆ ಸಿಟ್ಟು ಬಂದದ್ದು ನಮ್ಮ ನಾಯಿಯಿಂದ. ಯಾರೋ ಬೇಲಿಯ ಸಂದಿಯಲ್ಲಿ ಸ್ಕೂಟರಿನ ಬ್ರೇಕ್ ವೈರ್ ಕಟ್ಟಿದ್ದರು. ಎರಡು ದಿನ ನಾಯಿ ಕಾಣಲಿಲ್ಲ. ಮೂರನೇ ದಿನ ಗೂಟ ಸಮೇತ ಎಳೆದುಕೊಂಡು ಬಂತು, ವೈರ್ ಸೊಂಟದ ಚರ್ಮದೊಳಗೆ ಇಳಿದಿತ್ತು. ಬೆಳೆ ತಿನ್ನುವ ಹಂದಿಗೆಂದು ಉರುಳು ಇಟ್ಟ ದಾರಿಯಲ್ಲೇ ನಾಯಿ, ಪುನುಗು ಬೆಕ್ಕು, ಚಿರತೆ ಎಲ್ಲ ಬರುತ್ತವೆ ಅಲ್ವಾ?

ಹಾಗಾದರೆ ಬೆಳೆ ಉಳಿಸುವುದು ಹೇಗೆ? ಸುಲಭ ಇಲ್ಲ. ಹಂದಿಗೆ ಗದ್ದೆ ಸುತ್ತ ಹಳೆ ಸೀರೆ ಕಟ್ಟುತ್ತೇವೆ. ಕೈಯಲ್ಲಿ ದುಡ್ಡಿದ್ದವರು ಸೋಲಾರ್ ಬೇಲಿ ಹಾಕುತ್ತಾರೆ. ಭತ್ತ ಹಾಲುಗಟ್ಟಿದ ಮೇಲೆ ಮಾಳದಲ್ಲಿ, ಅಂದರೆ ಕಾವಲು ಅಟ್ಟಣೆಯಲ್ಲಿ, ಮಲಗಿ ಡಬ್ಬಿ ಬಡಿಯುವುದು ಇದ್ದದ್ದೇ. ಮಂಗನ ಎದುರು ಮಾತ್ರ ಎಲ್ಲರೂ ಸೋತಿದ್ದೇವೆ. ಗರ್ನಾಲು ಪಟಾಕಿ ಹೊಡೆದರೆ ಪಕ್ಕದ ಮನೆಯ ತೆಂಗಿಗೆ ಹಾರುತ್ತದೆ, ಅವರು ಹೊಡೆದರೆ ನಮ್ಮಲ್ಲಿಗೆ. ಬಾವಲಿಯದು ಪರವಾಗಿಲ್ಲ, ಅಡಿಕೆ ಹಣ್ಣಿನ ಸಿಪ್ಪೆ ಚೀಪಿ ಅಡಿಕೆ ಬೀಳಿಸುತ್ತದೆ, ಬೆಳಿಗ್ಗೆ ಹೆಕ್ಕಿಕೊಂಡರಾಯಿತು. ಒಂದು ಮಾತು: ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಮಂಗನ ಕಾಯಿಲೆ ಉಣ್ಣಿಯಿಂದ ಬರುವಂಥದ್ದು. ಆಸ್ಪತ್ರೆಯವರಿಗೆ ಹೇಳಿ.

ಹಿಡಿದು ತಿನ್ನುವುದನ್ನೇ ನೋಡಬೇಕಿದ್ದರೆ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಬನ್ನಿ. ಆ ರಾತ್ರಿ ಹಳ್ಳದ ಮೀನು ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತದೆ. ಬದುವಿನ ಗಂಡಿಗೆ, ಅಂದರೆ ನೀರು ಹರಿಯುವ ಸಂದಿಗೆ, ಕೂಳಿ ಇಡುತ್ತೇವೆ. ಕೂಣಿ ಎಂದೂ ಕರೆಯುತ್ತಾರೆ. ಬಿದಿರು ಸೀಳಿ ಹೆಣೆದ ಉದ್ದ ಬುಟ್ಟಿ ಅದು. ಬಾಯಿ ಅಗಲ, ಬಾಲ ಚೂಪು. ಬಾಯಿಯ ಒಳಗೆ ಇನ್ನೊಂದು ಸುತ್ತು ಕಡ್ಡಿಗಳು ಒಳಮುಖವಾಗಿ ಇರುತ್ತವೆ. ಮೀನು ಅದನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ, ತಿರುಗಿ ಬರಲು ಕಡ್ಡಿ ಬಿಡುವುದಿಲ್ಲ. ಬೆಳಿಗ್ಗೆ ಬಾಲದ ಕಟ್ಟು ಬಿಚ್ಚಿ ಬುಟ್ಟಿಗೆ ಸುರಿದರೆ ಮುಗಿಯಿತು. ನನ್ನಜ್ಜ ಯಾವಾಗಲೂ ಒಂದು ಗಂಡಿ ಖಾಲಿ ಬಿಡುತ್ತಿದ್ದರು, ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ ಎಂದು. ಈಗಿನವರು ಬಿಡುವುದಿಲ್ಲ, ಬಲೆಯನ್ನೇ ಅಡ್ಡ ಕಟ್ಟುತ್ತಾರೆ.

ಮೀನಿನ ಸಾರಿಗೆ ತೆಂಗಿನಕಾಯಿ, ಹುಳಿಗೆ ಮುರುಗಲ (ಕೋಕಂ) ಸಿಪ್ಪೆ. ಗದ್ದೆ ಏಡಿ ಸಿಕ್ಕಿದರೆ ಜಜ್ಜಿ ಸೋಸಿ ಸಾರು. ಶೀತ ಆದವರಿಗೆ ಮೊದಲ ಬಟ್ಟಲು.

ಬಂದರೆ ಕೂಳಿಗೆ ಸುಮ್ನೆ ಕೈ ಹಾಕಬೇಡಿ. ಮೀನಿನ ಹಿಂದೆ ನೀರುಹಾವೂ ಬಂದಿರುತ್ತದೆ. ವಿಷ ಇಲ್ಲ, ಆದರೆ ಚೆನ್ನಾಗಿ ಕಚ್ಚುತ್ತದೆ.