ಡಿಸ್ಕ್ ಹಂಚಬೇಕೆ, ಖಾತೆ ಹಂಚಬೇಕೆ?

ಪ್ರಶ್ನೆ: ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಒಂದೊಂದು ಕಂಪ್ಯೂಟರನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಬ್ಯಾಚಿನ ವಿದ್ಯಾರ್ಥಿಗಳು ಬಳಸುತ್ತಾರೆ. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಿದರೆಂಬ ತಕರಾರು ದಿನವೂ ಬರುತ್ತಿದೆ. 500 ಜಿಬಿ ಡಿಸ್ಕನ್ನು ಬ್ಯಾಚಿಗೊಂದರಂತೆ ಪಾರ್ಟಿಷನ್ (ಬೇರೆ ಬೇರೆ ಪಾಲು) ಮಾಡಿದರೆ ಸರಿಹೋದೀತೆ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಸರಿಹೋಗಲಾರದು. ಎಲ್ಲರೂ ಒಂದೇ ಖಾತೆಯಿಂದ, ಅದೂ ಎಲ್ಲ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಲಾಗಿನ್ ಆಗುತ್ತಿರುವವರೆಗೆ ಡಿ, ಇ, ಎಫ್ ಎಂದು ಎಷ್ಟು ಡ್ರೈವ್ ಮಾಡಿದರೂ ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆರೆದು ಅಳಿಸಬಹುದು. ನಿಮಗೆ ಬೇಕಾದದ್ದು ಪ್ರತಿ ವಿದ್ಯಾರ್ಥಿಗೆ, ಅದಾಗದಿದ್ದರೆ ಪ್ರತಿ ಬ್ಯಾಚಿಗೆ, ಪಾಸ್‌ವರ್ಡ್ ಇರುವ ಸಾಮಾನ್ಯ ದರ್ಜೆಯ ಪ್ರತ್ಯೇಕ ಖಾತೆ. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 465 ಜಿಬಿ ಎಂದೇ ಕಾಣಿಸುತ್ತದೆ. ಅದನ್ನು ವಿಂಡೋಸ್‌ಗೊಂದು, ಮೂರು ಬ್ಯಾಚಿಗೆ ಒಂದೊಂದು ಎಂದು ನಾಲ್ಕು ಪಾಲು ಮಾಡಿದರೆ ಫೋಟೊ, ವಿಡಿಯೊ ಕಲಿಯುವ ಬ್ಯಾಚಿನ ಪಾಲು ಬೇಗ ತುಂಬಿ, ಟೈಪಿಂಗ್ ಬ್ಯಾಚಿನದು ಖಾಲಿ ಬಿದ್ದಿರುತ್ತದೆ. ಒಬ್ಬೊಬ್ಬರು ಇಷ್ಟೇ ಜಾಗ ಬಳಸಬೇಕೆಂಬ ಮಿತಿಯನ್ನು ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ವಿಧಾನ) ಡ್ರೈವಿನ ಪ್ರಾಪರ್ಟೀಸ್‌ನಲ್ಲಿರುವ ಕೋಟಾ ಸೌಲಭ್ಯದಿಂದಲೇ ಹಾಕಬಹುದು.

ಹಾಗೆಂದು ಪಾರ್ಟಿಷನ್ ಬೇಡವೇ ಬೇಡ ಎನ್ನಲಾರೆ. ಹತ್ತಾರು ಜನರ ಪೆನ್‌ಡ್ರೈವ್ ಸೇರುವ ಕಂಪ್ಯೂಟರಿಗೆ ಆಗಾಗ ಹೊಸದಾಗಿ ವಿಂಡೋಸ್ ಹಾಕಬೇಕಾಗಿ ಬರುವುದರಿಂದ, ವಿಂಡೋಸ್ ಇರುವ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೂ ಕಡತಗಳು ಉಳಿಯುವಂತೆ ಡಿ ಎಂಬ ಒಂದೇ ಒಂದು ಪಾಲು ಮಾಡಿಕೊಳ್ಳುವುದು ಒಳ್ಳೆಯದು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳಿದರೂ ಸಿ ಡ್ರೈವಿಗೆ 150 ಜಿಬಿ ಬಿಡಿ; ಚಿಕ್ಕದಾಗಿ ಮಾಡಿ ಆಮೇಲೆ ಹಿಗ್ಗಿಸಲು ಹೊರಟರೆ ಪಕ್ಕದಲ್ಲೇ ಖಾಲಿ ಜಾಗ ಇಲ್ಲದೆ ವಿಂಡೋಸ್ ಒಪ್ಪುವುದಿಲ್ಲ. ನಮ್ಮ ಹುಡುಗರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆಯೇ ಸೇವ್ ಮಾಡುವವರು, ಆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ಆದ್ದರಿಂದ ಪ್ರತಿ ಖಾತೆಯ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು, ಲೊಕೇಷನ್ ಎಂಬಲ್ಲಿ ಡಿ ಡ್ರೈವಿಗೆ ಬದಲಿಸದಿದ್ದರೆ ಪಾರ್ಟಿಷನ್ ಮಾಡಿಯೂ ಪ್ರಯೋಜನವಿಲ್ಲ. ವಿಂಡೋಸ್ ಮತ್ತೆ ಹಾಕಿದ ನಂತರ ಅದೇ ಹೆಸರಿನ ಖಾತೆ ಮಾಡಿದರೂ ವಿಂಡೋಸ್ ಅದನ್ನು ಹೊಸಬರ ಖಾತೆಯೆಂದೇ ತಿಳಿಯುವುದರಿಂದ, ಡಿ ಡ್ರೈವಿನ ಹಳೆಯ ಫೋಲ್ಡರುಗಳಿಗೆ ಅಡ್ಮಿನಿಸ್ಟ್ರೇಟರ್ ಆಗಿ ನೀವೇ ಅನುಮತಿ ಹೊಂದಿಸಿಕೊಡಬೇಕಾಗುತ್ತದೆ.

ಸಿ ಡ್ರೈವಿನದನ್ನು ಡಿ ಡ್ರೈವಿಗೆ ಕಾಪಿ ಮಾಡಿಟ್ಟರೆ ಅದು ಬ್ಯಾಕಪ್ ಆಗುವುದಿಲ್ಲ. ಎರಡೂ ಒಂದೇ ಡಿಸ್ಕಿನ ಪಾಲುಗಳಾದ್ದರಿಂದ ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಪಾರ್ಟಿಷನ್ ಕೆಲಸಕ್ಕೆ ಕೈಹಾಕುವ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ನಡುವೆ ಕರೆಂಟ್ ಹೋದೀತೆಂಬ ಎಚ್ಚರದಿಂದ ಯುಪಿಎಸ್ ಬ್ಯಾಟರಿಯನ್ನೂ ಪರೀಕ್ಷಿಸಿಕೊಳ್ಳಿ.