ಎಂಆರ್‌ಐ ಆದ ಮೇಲೂ ಮಿದುಳಿನ ಲೆಕ್ಕ ಹಾಕೋದು ಯಾಕೆ?

"ಅಣ್ಣನ ಮಿದುಳಿನ ಗಡ್ಡೆಗೆ ಆಪರೇಷನ್ ಇದೆ. ಎಂಆರ್‌ಐ ಆಗಿದೆ, ಗಡ್ಡೆ ಎಲ್ಲಿದೆ ಅಂತ ಗೊತ್ತು. ಮತ್ತೆ ಮಿದುಳು ಹೇಗೆ ಜಗ್ಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು ಯಾಕೆ?" ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿಯವನು, ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದಿದವನು. ಇದೇ ಲೆಕ್ಕವನ್ನು ಪ್ರಾಜೆಕ್ಟಿಗೆ ತಗೊಂಡು ಒದ್ದಾಡಿದ್ದೇನೆ.

ಎಂಆರ್‌ಐ ತೋರಿಸುವುದು ಬುರುಡೆ ಮುಚ್ಚಿದ್ದಾಗಿನ ಮಿದುಳನ್ನು. ಆಗ ಅದು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಸುಮಾರು 1400 ಗ್ರಾಂ ತೂಗುವ ಮಿದುಳಿನ ಭಾರ ಆ ದ್ರವದೊಳಗೆ 50 ಗ್ರಾಂನಷ್ಟೇ. ಬುರುಡೆ ತೆರೆದು ಪೊರೆ ಬಿಡಿಸಿದರೆ ದ್ರವ ಸೋರುತ್ತದೆ, ಆಸರೆ ತಪ್ಪಿದ ಮಿದುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಒಂದು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ. ಇದಕ್ಕೆ ಬ್ರೈನ್ ಶಿಫ್ಟ್ ಅನ್ನುತ್ತಾರೆ. ದಾರಿ ತೋರಿಸುವ ನ್ಯಾವಿಗೇಶನ್ ಯಂತ್ರ ಮಾತ್ರ ಹಳೇ ಚಿತ್ರವನ್ನೇ ನಂಬಿ ಕೂತಿರುತ್ತದೆ!

ಹಾಗಾಗಿ ಎಂಆರ್‌ಐ ಚಿತ್ರವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಒಡೆದು, ಒಂದು ತುಂಡು ಪಕ್ಕದ್ದನ್ನು ಎಷ್ಟು ತಳ್ಳುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಸೇತುವೆಗೆ, ಕಾರಿಗೆ ಬಳಸುವ ಫೈನೈಟ್ ಎಲಿಮೆಂಟ್ ವಿಧಾನವೇ ಇದು. ನಾನು ಸಿಕ್ಕಿಬಿದ್ದದ್ದು ಇಲ್ಲೇ. ಮಿದುಳು ಎಷ್ಟು ಗಟ್ಟಿ? ಒಂದೊಂದು ಲ್ಯಾಬಿನವರದು ಒಂದೊಂದು ಅಂಕಿ. ಸರಿಯಾದದ್ದು ಹುಡುಕುತ್ತಾ ಒಂದು ಮಳೆಗಾಲವೇ ಕಳೆದುಹೋಯಿತು. ಕರೆಂಟ್ ಹೋದಾಗೆಲ್ಲ ಲೆಕ್ಕ ಮೊದಲಿಂದ ಶುರು.

ಆಮೇಲೆ ಇದೇ ಲೆಕ್ಕದ ಮೇಲೆ ಕೆಲಸ ಮಾಡಿದ ಸಂಶೋಧಕರು, ಆಸ್ಟ್ರೇಲಿಯಾದ ಪರ್ತ್‌ನ ಕರೋಲ್ ಮಿಲ್ಲರ್, ಆಡಂ ವಿಟೆಕ್ ಅವರ ಲೇಖನಗಳನ್ನು ಓದಿದೆ. ಈ ಕೆಲಸಕ್ಕೆ ಆ ಅಂಕಿ ಅಷ್ಟೇನೂ ಮುಖ್ಯವಲ್ಲ ಅಂತ ಅವರು ತೋರಿಸಿದ್ದರು. ನಮ್ಮ ಹಾಲ್ಬಾಯಿ ಗೊತ್ತಲ್ವಾ? ತಟ್ಟೆಯಲ್ಲಿ ಒಂದು ತುಂಡು ತೆಗೆದರೆ ಉಳಿದದ್ದು ಆ ಕಡೆಗೆ ವಾಲುತ್ತದೆ. ಅಂಚು ಎಷ್ಟು ಸರಿಯಿತು ಅಂತ ಅಳೆದುಕೊಂಡರೆ ಒಳಗಿನ ಗೋಡಂಬಿ ಎಲ್ಲಿಗೆ ಹೋಗಿರಬಹುದು ಅಂತ ಹೇಳಬಹುದು. ಅಮ್ಮ ಪಾಕ ಎಳೆಯದಾಗಿ ತೆಗೆದಳೋ ಗಟ್ಟಿ ಮಾಡಿದಳೋ ಅನ್ನೋದು ಬೇಕಿಲ್ಲ. ಮಿದುಳಿಗೂ ಹಾಗೆಯೇ: ಕಾಣುವ ಮೇಲ್ಮೈ ಎಷ್ಟು ಇಳಿದಿದೆ ಅಂತ ಅಳೆದು ಕೊಟ್ಟರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲವೇ ಸೆಕೆಂಡಿನ ಕೆಲಸ. ಸೂಜಿ ಚುಚ್ಚಲು ಎಷ್ಟು ಬಲ ಬೇಕು ಅಂತ ಕೇಳಿದರೆ ಮಾತ್ರ ಗಟ್ಟಿತನ ಗೊತ್ತಿರಲೇಬೇಕು.

ಗಡ್ಡೆ ಅರ್ಧ ತೆಗೆದ ಮೇಲೆ ಈ ಲೆಕ್ಕ ಕಷ್ಟವಾಗುತ್ತದೆ. ಇದು ಇನ್ನೂ ಹೆಚ್ಚಾಗಿ ಸಂಶೋಧನೆಯ ಮಟ್ಟದಲ್ಲೇ ಇದೆ. ನಿಮ್ಮ ಡಾಕ್ಟರನ್ನು, "ತೆರೆದ ಮೇಲೆ ಮಿದುಳು ಸರಿದರೆ ಹೇಗೆ ಗೊತ್ತಾಗುತ್ತದೆ?" ಅಂತ ಸುಮ್ನೆ ಕೇಳಿ ನೋಡಿ. ಆಪರೇಷನ್ ನಡುವೆ ಅಲ್ಟ್ರಾಸೌಂಡ್ ಹಿಡಿದು ನೋಡುತ್ತೇವೆ ಅಂದರೆ ಗಾಬರಿಯಾಗಬೇಡಿ, ಅದೂ ಇದೇ ತೊಂದರೆಗೆ ಕಂಡುಕೊಂಡ ದಾರಿ.